ಪಂಚಾಂಗ ಮತ್ತು ಪಾರಾಯಣ: ಯಹೂದಿ ಪರಂಪರೆಯಲ್ಲಿ ತೋರಾದ ವಾರದ ಓದು

1. ಪೀಠಿಕೆ

ಪ್ರಾಚೀನ ಪಠ್ಯವೊಂದರ ಅಧ್ಯಯನದಲ್ಲಿ ಕರ್ತೃ, ಕಾಲ, ಪಾಠಾಂತರ, ಭಾಷೆ ಹಾಗೂ ವಸ್ತುವನ್ನು ಕುರಿತು ವಿಪುಲವಾದ ಚರ್ಚೆ ನಡೆಯುವುದುಂಟು. ಆ ಪಠ್ಯವನ್ನು ಒಂದು ಸಮುದಾಯ ಯಾವ ದಿನ, ಯಾವ ಕ್ರಮದಲ್ಲಿ, ಎಷ್ಟೆಷ್ಟು ಓದುತ್ತ ಬಂದಿತು ಎಂಬ ಪ್ರಶ್ನೆ ಮಾತ್ರ ಕೇವಲ ಆಚರಣೆಯ ವಿವರವೆಂದು ಬಹುಮಟ್ಟಿಗೆ ಬದಿಗೆ ಸರಿಯುತ್ತದೆ. ಯಹೂದಿಗಳ ಧರ್ಮಗ್ರಂಥವಾದ ತೋರಾದ ಮಟ್ಟಿಗೆ ಈ ಧೋರಣೆ ಸಲ್ಲದು. ಅಲ್ಲಿ ಪಠ್ಯದ ಅರ್ಥಕ್ಕೂ ಅದನ್ನು ಓದುವ ದಿನಕ್ಕೂ ಬಿಡಿಸಲಾಗದ ನಂಟು ಏರ್ಪಟ್ಟಿದೆ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶಗೊಳಿಸಿದ ಮೇಲೆ ಯಹೂದಿಗಳ ಬಲಿಪೂಜೆಯ ವ್ಯವಸ್ಥೆ ನಿಂತುಹೋಯಿತು. ಕ್ರಮೇಣ ಸಮುದಾಯದ ಬಹುಭಾಗ ಮೆಸೊಪೊಟೇಮಿಯಾ, ಈಜಿಪ್ಟ್, ಯೆಮನ್, ಉತ್ತರ ಆಫ್ರಿಕ, ಯೂರೋಪುಗಳಲ್ಲಿ ಹರಡಿ ನೆಲೆಸಿತು. ಅರಸನಿಲ್ಲದ, ಒಂದೇ ನೆಲವಿಲ್ಲದ, ಆಡುಮಾತೂ ಒಂದೇ ಅಲ್ಲದ ಈ ಜನರಿಗೆ ಸಮಾನವಾಗಿ ಉಳಿದದ್ದು ಮುಖ್ಯವಾಗಿ ಎರಡು: ಒಂದು ಗ್ರಂಥ ಮತ್ತು ಒಂದು ಪಂಚಾಂಗ. ಇವೆರಡೂ ಪರಸ್ಪರ ಆಧಾರವಾಗಿ ನಿಂತ ಬಗೆಯನ್ನು, ಹಾಗೂ ಎಲ್ಲರೂ ಒಂದೇ ಕಾಲವನ್ನು ಒಪ್ಪಿಕೊಳ್ಳುವುದಕ್ಕಾಗಿ ಆ ಸಮುದಾಯ ತೆತ್ತ ಬೆಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಓದಿನ ಸ್ವರೂಪ

ತೋರಾ ಎಂಬ ಹೆಸರಿನಿಂದ ಪ್ರಧಾನವಾಗಿ ಸೂಚಿತವಾಗುವುದು ಮೋಶೆಯ ಹೆಸರಿನೊಡನೆ ಬಂದಿರುವ ಐದು ಗ್ರಂಥಗಳು: ಕನ್ನಡ ಬೈಬಲಿನ ಓದುಗರು ಬಲ್ಲ ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ ಮತ್ತು ಧರ್ಮೋಪದೇಶಕಾಂಡ. ಸಭಾಮಂದಿರದಲ್ಲಿ ಇವನ್ನು ಮುದ್ರಿತ ಪುಸ್ತಕದಿಂದ ಓದುವಂತಿಲ್ಲ. ಹದಮಾಡಿದ ಚರ್ಮದ ಮೇಲೆ ಲಿಪಿಕಾರ ಕೈಯಿಂದ ಬರೆದ ಸುರುಳಿಯಿಂದಲೇ ಓದಬೇಕು. ಆ ಸುರುಳಿಯಲ್ಲಿರುವುದು ಹೀಬ್ರೂ ವ್ಯಂಜನಗಳು ಮಾತ್ರ. ಸ್ವರಚಿಹ್ನೆಗಳಿಲ್ಲ, ವಿರಾಮಚಿಹ್ನೆಗಳಿಲ್ಲ, ರಾಗದ ಸೂಚನೆಗಳೂ ಇಲ್ಲ. ಇವೆಲ್ಲವನ್ನೂ ಓದುಗನು ಮೊದಲೇ ಅಭ್ಯಾಸ ಮಾಡಿ ನೆನಪಿನಲ್ಲಿ ಇಟ್ಟುಕೊಂಡು ಬಂದಿರಬೇಕು. ಹಾಗೆಂದು ಕಂಠಪಾಠವಾಗಿ ಒಪ್ಪಿಸುವುದಕ್ಕೂ ಅವಕಾಶವಿಲ್ಲ. ಕಣ್ಣು ಅಕ್ಷರದ ಮೇಲೆಯೇ ಇರಬೇಕು. ಅರ್ಥ ಕೆಡುವಂತೆ ಓದಿದರೆ ಪಕ್ಕದಲ್ಲಿ ನಿಂತವರು ಕೂಡಲೇ ತಿದ್ದುತ್ತಾರೆ. ಹೀಗೆ ಲಿಖಿತ ಪರಂಪರೆ ಮತ್ತು ಮೌಖಿಕ ಪರಂಪರೆಗಳು ಒಂದರ ನೆರವಿಲ್ಲದೆ ಇನ್ನೊಂದು ಪೂರ್ಣವಾಗದಂತೆ ಇಲ್ಲಿ ಹೆಣೆದುಕೊಂಡಿವೆ.

ಸಬ್ಬತ್ ಎಂಬ ವಿಶ್ರಾಂತಿಯ ದಿನವಾದ ಶನಿವಾರದ ಬೆಳಗಿನ ಓದಿಗೆ ಏಳು ಮಂದಿಯನ್ನು ಒಬ್ಬರ ನಂತರ ಒಬ್ಬರಂತೆ ಸುರುಳಿಯ ಬಳಿಗೆ ಕರೆಯಲಾಗುತ್ತದೆ. ಸೋಮವಾರ ಮತ್ತು ಗುರುವಾರ ಮುಂದಿನ ಸಬ್ಬತ್ತಿನ ಭಾಗದ ಆರಂಭವನ್ನಷ್ಟೇ ಓದುತ್ತಾರೆ. ಆಗ ಮೂವರನ್ನು ಕರೆಯುವುದು ಪದ್ಧತಿ. ಸಬ್ಬತ್ತಿನಲ್ಲಿ ತೋರಾದ ಓದು ಮುಗಿದ ಬಳಿಕ ಪ್ರವಾದಿಗಳ ಗ್ರಂಥಗಳಿಂದ ಆಯ್ದ ಒಂದು ಭಾಗವನ್ನು ಓದುತ್ತಾರೆ. ಇದಕ್ಕೆ 'ಹಫ್ತಾರಾ' ಎಂದು ಹೆಸರು.

ಓದಿನೊಡನೆ ವಿವರಣೆಯೂ ಇರಬೇಕೆಂಬ ಕಲ್ಪನೆ ಈ ಪರಂಪರೆಯಲ್ಲಿ ಬಹಳ ಹಳೆಯದು. ಬಾಬಿಲೋನಿನ ಸೆರೆಯಿಂದ ಮರಳಿದ ಜನರೆದುರು ಎಜ್ರನು ಏಳನೆಯ ತಿಂಗಳ ಮೊದಲ ದಿನ ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಗ್ರಂಥವನ್ನು ಓದಿದನೆಂದೂ, ಲೇವಿಯರು ಅದನ್ನು ಜನರಿಗೆ ತಿಳಿಯುವಂತೆ ಮಾಡಿದರೆಂದೂ ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯ ಹೇಳುತ್ತದೆ. ಮುಂದೆ ಆಡುಮಾತು ಅರಾಮಾಯಿಕ್ ಆದ ಕಾಲಕ್ಕೆ ಓದುಗನ ಪಕ್ಕದಲ್ಲಿ ಭಾಷಾಂತರಕಾರನೊಬ್ಬ ನಿಲ್ಲುವ ಪದ್ಧತಿ ರೂಢಿಯಾಯಿತು. ಕ್ರಿ.ಶ. ಸುಮಾರು 200ರಲ್ಲಿ ಸಂಕಲನಗೊಂಡ 'ಮಿಷ್ನಾ' ಇದಕ್ಕೆ ನಿಯಮಗಳನ್ನು ಕೊಡುತ್ತದೆ. ತೋರಾದ ಓದಿನಲ್ಲಿ ಒಂದು ಸಲಕ್ಕೆ ಒಂದೇ ವಚನವನ್ನು ಓದಿ ಭಾಷಾಂತರಕ್ಕೆ ಬಿಟ್ಟುಕೊಡಬೇಕು. ಓದಬಹುದಾದರೂ ಭಾಷಾಂತರಿಸಬಾರದ ಭಾಗಗಳೂ ಕೆಲವಿವೆ. ಓದುಗನು ಭಾಷಾಂತರಕಾರನಿಗೆ ಮಾತು ಎತ್ತಿಕೊಡಬಾರದೆಂದು ವಿಧಿಸುವ ತಾಲ್ಮುದ್ ಅದಕ್ಕೆ ಕಾರಣವನ್ನೂ ಹೇಳುತ್ತದೆ: ಕೇಳುವವರು ಭಾಷಾಂತರವೂ ಮೂಲದಲ್ಲಿಯೇ ಬರೆದಿದೆಯೆಂದು ಭಾವಿಸಬಾರದು. ಮೂಲ ಮತ್ತು ಅನುವಾದ ಎರಡನ್ನೂ ಒಂದೇ ಸಭೆಯಲ್ಲಿ ಕೇಳಿಸಿಯೂ ಅವುಗಳ ನಡುವಣ ಗೆರೆಯನ್ನು ಅಳಿಸದಿರುವ ಈ ಎಚ್ಚರ ಅನುವಾದ ಮೀಮಾಂಸೆಯ ದೃಷ್ಟಿಯಿಂದ ಗಮನಾರ್ಹವಾದುದು. ವಾರದ ಭಾಗವನ್ನು ಪ್ರತಿಯೊಬ್ಬನೂ ಖಾಸಗಿಯಾಗಿ ಮೂಲದಲ್ಲಿ ಎರಡು ಬಾರಿ, ಅರಾಮಾಯಿಕ್ ಅನುವಾದದಲ್ಲಿ ಒಂದು ಬಾರಿ ಓದಬೇಕೆಂಬ ವಿಧಿಯೂ ತಾಲ್ಮುದಿನಲ್ಲಿದೆ.

3. ಪಂಚಾಂಗದ ರಚನೆ

ಯಹೂದಿ ಪಂಚಾಂಗದ ಮಾಸ ಚಾಂದ್ರವಾದುದು, ವರ್ಷ ಋತುಗಳಿಗೆ ಬದ್ಧವಾದುದು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸೌರವರ್ಷಕ್ಕೆ ಸುಮಾರು ಹನ್ನೊಂದು ದಿನ ಕಡಿಮೆಯಾಗುತ್ತದೆ. ಈ ಅಂತರವನ್ನು ಹಾಗೆಯೇ ಬಿಟ್ಟರೆ ಹಬ್ಬಗಳು ಋತುವಿನಿಂದ ಋತುವಿಗೆ ಜಾರುತ್ತ ಹೋಗುತ್ತವೆ. ಆದರೆ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದುದರ ನೆನಪಾದ ಪಸ್ಕ ಹಬ್ಬವು ತೆನೆ ಬಲಿಯುವ ವಸಂತದ ಮಾಸದಲ್ಲಿಯೇ ಬರಬೇಕೆಂದು ತೋರಾ ವಿಧಿಸುತ್ತದೆ. ಆದ್ದರಿಂದ ಅಧಿಕಮಾಸ ಅನಿವಾರ್ಯವಾಯಿತು.

ಕರ್ನಾಟಕದಲ್ಲಿ ಬಳಕೆಯಲ್ಲಿರುವ ಚಾಂದ್ರಮಾನ ಪಂಚಾಂಗದೊಡನೆ ಹೋಲಿಸಿದರೆ ಈ ವ್ಯವಸ್ಥೆಯ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಸಂಕ್ರಾಂತಿಯಿಲ್ಲದ ಚಾಂದ್ರಮಾಸವೇ ಅಧಿಕಮಾಸ. ಆದ್ದರಿಂದ ಅದು ಒಮ್ಮೆ ಶ್ರಾವಣಕ್ಕೆ, ಇನ್ನೊಮ್ಮೆ ಆಷಾಢಕ್ಕೆ ಸೇರಿ ಬರಬಹುದು. ಯಹೂದಿ ಪಂಚಾಂಗದಲ್ಲಿ ಹೆಚ್ಚಿನ ಮಾಸ ಯಾವಾಗಲೂ ಪಸ್ಕದ ಮಾಸವಾದ ನಿಸಾನಿಗೆ ಹಿಂದಿನ ಅದಾರ್ ಮಾಸದೊಡನೆಯೇ ಬರುತ್ತದೆ. ಹತ್ತೊಂಬತ್ತು ವರ್ಷಗಳ ಚಕ್ರದಲ್ಲಿ 3, 6, 8, 11, 14, 17 ಮತ್ತು 19ನೆಯ ವರ್ಷಗಳು ಅಧಿಕಮಾಸದ ವರ್ಷಗಳು. ದಿನದ ಎಣಿಕೆ ಸೂರ್ಯೋದಯದಿಂದಲ್ಲ, ಸಂಜೆಯಿಂದ ಆರಂಭವಾಗುತ್ತದೆ ಎಂಬುದು ಇನ್ನೊಂದು ಭೇದ.

ಮಾಸದ ಸರಾಸರಿ ಪ್ರಮಾಣವನ್ನು 29 ದಿನ, 12 ಗಂಟೆ, 793 ಭಾಗಗಳೆಂದು ಗಣಿಸಲಾಗಿದೆ. ಗಂಟೆಗೆ ಇಂತಹ 1080 ಭಾಗಗಳು. ಇದು ಆಧುನಿಕ ಖಗೋಳಶಾಸ್ತ್ರದ ಸರಾಸರಿ ಚಾಂದ್ರಮಾಸಕ್ಕಿಂತ ಒಂದು ಸೆಕೆಂಡಿನಷ್ಟೂ ಭಿನ್ನವಲ್ಲ. ಸರಾಸರಿ ವರ್ಷ ಮಾತ್ರ ಸೌರವರ್ಷಕ್ಕಿಂತ ಆರು ನಿಮಿಷಕ್ಕೂ ಹೆಚ್ಚು ಉದ್ದವಾಗಿರುವುದರಿಂದ ಶತಮಾನಗಳು ಕಳೆದಂತೆ ಹಬ್ಬಗಳು ನಿಧಾನವಾಗಿ ಮುಂದಕ್ಕೆ ಸರಿಯುತ್ತಿವೆ. ಸಾಧಾರಣ ವರ್ಷದಲ್ಲಿ 353, 354 ಅಥವಾ 355 ದಿನಗಳೂ, ಅಧಿಕಮಾಸದ ವರ್ಷದಲ್ಲಿ 383, 384 ಅಥವಾ 385 ದಿನಗಳೂ ಇರುತ್ತವೆ. ಉದಾಹರಣೆಗೆ, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಯಹೂದಿ ವರ್ಷ 5784ರಲ್ಲಿ 383 ದಿನಗಳಿದ್ದರೆ ಅದರ ಮುಂದಿನ ವರ್ಷದಲ್ಲಿ 355 ದಿನಗಳಿದ್ದವು.

ಚಂದ್ರನ ಲೆಕ್ಕದೊಡನೆ ವಾರದ ಲೆಕ್ಕವೂ ಇಲ್ಲಿ ಬೆರೆಯುತ್ತದೆ. ಹೊಸ ವರ್ಷದ ಮೊದಲ ದಿನ ಭಾನುವಾರ, ಬುಧವಾರ ಅಥವಾ ಶುಕ್ರವಾರ ಬರುವಂತಿಲ್ಲ. ಬುಧವಾರ ಅಥವಾ ಶುಕ್ರವಾರ ಬಂದರೆ ಹತ್ತನೆಯ ದಿನದ ದೋಷಪರಿಹಾರಕ ಉಪವಾಸವು ಸಬ್ಬತ್ತಿಗೆ ತಾಗಿಕೊಂಡು, ಕೆಲಸ ನಿಷಿದ್ಧವಾದ ಎರಡು ದಿನಗಳು ಒಟ್ಟಾಗುತ್ತವೆ. ಭಾನುವಾರ ಬಂದರೆ ಪರ್ಣಶಾಲೆಗಳ ಹಬ್ಬದ ಏಳನೆಯ ದಿನದ ವಿಶೇಷ ವಿಧಿ ಸಬ್ಬತ್ತಿನಂದೇ ಬೀಳುತ್ತದೆ. ಇಂತಹ ಪ್ರಸಂಗಗಳಲ್ಲಿ ವರ್ಷಾರಂಭವನ್ನೇ ಮುಂದೂಡಲಾಗುತ್ತದೆ. ಗಣಿತ ಕೊಟ್ಟ ಉತ್ತರವನ್ನು ಸಮುದಾಯದ ಬದುಕಿನ ಅನುಕೂಲಕ್ಕಾಗಿ ತಿದ್ದಿಕೊಳ್ಳಲು ಈ ಪಂಚಾಂಗ ಹಿಂಜರಿಯುವುದಿಲ್ಲ.

4. ಪಠ್ಯ ಮತ್ತು ಕಾಲದ ಹೊಂದಾಣಿಕೆ

ಈಗ ವ್ಯಾಪಕವಾಗಿ ರೂಢಿಯಲ್ಲಿರುವ ಕ್ರಮದಂತೆ ತೋರಾವನ್ನು 54 ಭಾಗಗಳಾಗಿ ವಿಂಗಡಿಸಲಾಗಿದೆ. ಪ್ರತಿಯೊಂದು ಭಾಗಕ್ಕೂ 'ಪರಾಷಾ' ಎಂದು ಹೆಸರು. ಕೊನೆಯದನ್ನು ಬಿಟ್ಟು ಉಳಿದವು ಸಬ್ಬತ್ತುಗಳಿಗೆ ಹಂಚಿಕೆಯಾಗಿವೆ. ಆದರೆ ಸಾಧಾರಣ ವರ್ಷದಲ್ಲಿ ಐವತ್ತು ವಾರಗಳಿಗಿಂತ ಸ್ವಲ್ಪ ಹೆಚ್ಚು, ಅಧಿಕಮಾಸದ ವರ್ಷದಲ್ಲಿ ಸುಮಾರು ಐವತ್ತೈದು ವಾರಗಳಿರುತ್ತವೆ. ಹಬ್ಬದ ದಿನವೇ ಸಬ್ಬತ್ ಬಂದರೆ ಅಂದು ಕ್ರಮದ ಓದನ್ನು ನಿಲ್ಲಿಸಿ ಹಬ್ಬದ ಓದನ್ನು ನಡೆಸಬೇಕು. ಈ ಏರುಪೇರನ್ನು ಸರಿದೂಗಿಸಲು ಏಳು ಜೋಡಿಗಳನ್ನು ಗುರುತಿಸಲಾಗಿದೆ. ಅಗತ್ಯವಿದ್ದ ವರ್ಷದಲ್ಲಿ ಜೋಡಿಯ ಎರಡೂ ಭಾಗಗಳನ್ನು ಒಂದೇ ಸಬ್ಬತ್ತಿನಲ್ಲಿ ಓದುತ್ತಾರೆ, ಉಳಿದ ವರ್ಷಗಳಲ್ಲಿ ಬಿಡಿಬಿಡಿಯಾಗಿ ಓದುತ್ತಾರೆ.

ಈ ಜೋಡಣೆ ಕೇವಲ ಅಂಕಗಣಿತದ ವಿಷಯವಲ್ಲ. ಯಾವ ಭಾಗ ಯಾವ ಹಬ್ಬಕ್ಕೆ ಮೊದಲು ಮುಗಿದಿರಬೇಕು ಎಂಬುದಕ್ಕೆ ಖಚಿತವಾದ ನಿಯಮಗಳಿವೆ. ಯಾಜಕಕಾಂಡದ ಕೊನೆಯಲ್ಲಿಯೂ ಧರ್ಮೋಪದೇಶಕಾಂಡದಲ್ಲಿಯೂ ಆಜ್ಞೆ ಮೀರಿದವರಿಗೆ ಒದಗುವ ಶಾಪಗಳ ದೀರ್ಘ ಪಟ್ಟಿಗಳಿವೆ. ಮೊದಲನೆಯದನ್ನು ವಾರಗಳ ಹಬ್ಬಕ್ಕೆ ಮುನ್ನ, ಎರಡನೆಯದನ್ನು ಹೊಸ ವರ್ಷಕ್ಕೆ ಮುನ್ನ ಓದುವಂತೆ ಎಜ್ರನು ವಿಧಿಸಿದನೆಂದು ತಾಲ್ಮುದ್ ಹೇಳುತ್ತದೆ. ವರ್ಷದ ಶಾಪಗಳು ವರ್ಷದೊಡನೆಯೇ ಮುಗಿಯಲಿ ಎಂಬುದು ಅದರ ಆಶಯ. ಶಾಪದ ಓದು ಹಬ್ಬಕ್ಕೆ ತೀರ ಅಂಟಿಕೊಳ್ಳದಂತೆ ನಡುವೆ ಒಂದು ಸಬ್ಬತ್ತಾದರೂ ಇರಬೇಕೆಂಬುದು ಮಧ್ಯಯುಗದ ವ್ಯಾಖ್ಯಾನಕಾರರ ವಿವರಣೆ. ಕೇಳುವವರ ಮನಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡು ಪಠ್ಯದ ಹಂಚಿಕೆ ನಡೆದಿರುವುದು ಇಲ್ಲಿ ಕಂಡುಬರುತ್ತದೆ.

ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಸಗೆಯ ಆವ್ ಮಾಸದ ಒಂಬತ್ತನೆಯ ದಿನದ ಸುತ್ತ ದೊರೆಯುತ್ತದೆ. ಎರಡು ದೇವಾಲಯಗಳ ನಾಶವನ್ನೂ ಸ್ಮರಿಸುವ ಈ ಉಪವಾಸದ ದಿನ 'ಪ್ರಲಾಪಗಳು' ಎಂಬ ಗ್ರಂಥವನ್ನು ಓದುತ್ತಾರೆ. ಇದಕ್ಕೆ ಮುಂಚಿನ ಮೂರು ಸಬ್ಬತ್ತುಗಳ ಹಫ್ತಾರಾಗಳು ಎಚ್ಚರಿಕೆ ಮತ್ತು ಖಂಡನೆಯ ಮಾತುಗಳು. ಅನಂತರದ ಏಳು ಸಬ್ಬತ್ತುಗಳ ಹಫ್ತಾರಾಗಳು ಯೆಶಾಯನ ಗ್ರಂಥದಿಂದ ಆಯ್ದ ಸಾಂತ್ವನದ ಮಾತುಗಳು. ಅವು ಮುಗಿಯುವ ವೇಳೆಗೆ ಹೊಸ ವರ್ಷ ಸಮೀಪಿಸಿರುತ್ತದೆ. ಪ್ರವಾದಿಗಳ ಗ್ರಂಥಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಈ ಹತ್ತು ವಾರಗಳ ಕಥನ ಕಾಣಿಸುವುದಿಲ್ಲ. ಅದನ್ನು ರಚಿಸಿದ್ದು ಯಾವ ಪ್ರವಾದಿಯೂ ಅಲ್ಲ, ಪಂಚಾಂಗದ ಹಾದಿಯಲ್ಲಿ ಪಠ್ಯಗಳನ್ನು ಜೋಡಿಸಿದವರು. ಸುಗ್ಗಿಯ ಹಬ್ಬಕ್ಕೆ ರೂತಳ ಕಥೆ, ದೋಷಪರಿಹಾರಕ ದಿನದ ಅಪರಾಹ್ನಕ್ಕೆ ಯೋನನ ಕಥೆ ನಿಗದಿಯಾಗಿರುವುದನ್ನೂ ಈ ದೃಷ್ಟಿಯಿಂದ ನೋಡಬೇಕು. ದಿನವೇ ಇಲ್ಲಿ ಪಠ್ಯದ ಮೊದಲ ವ್ಯಾಖ್ಯಾನ.

ಸಾಮಾನ್ಯರ ಬದುಕಿನಲ್ಲಿಯೂ ಈ ಕ್ರಮ ಆಳವಾಗಿ ಬೇರೂರಿದೆ. ಹದಿಮೂರು ತುಂಬಿದ ಹುಡುಗ ಸಮುದಾಯದ ಹೊಣೆಗಾರ ಸದಸ್ಯನಾಗುವಾಗ ಆ ವಾರದ ಭಾಗವನ್ನು ಓದುವುದು ರೂಢಿ; ಆ ಭಾಗ ಜೀವನವಿಡೀ ಅವನದೆಂಬಂತೆ ಉಳಿಯುತ್ತದೆ. ತಾರೀಖಿನ ಬದಲು ವಾರದ ಭಾಗದ ಹೆಸರನ್ನು ಬರೆದ ಪತ್ರಗಳೂ ಉಂಟು. ಬೋಧನೆಯ ಕ್ಷೇತ್ರದಲ್ಲಿ ನೆಹಾಮಾ ಲೈಬೊವಿಟ್ಸ್ (1905–1997) ಅವರ ಕೆಲಸ ಉಲ್ಲೇಖಾರ್ಹ. ಅವರು 1942ರಿಂದ ಸುಮಾರು ಮೂರು ದಶಕಗಳ ಕಾಲ ವಾರದ ಭಾಗವನ್ನು ಕುರಿತ ಪ್ರಶ್ನೆಗಳ ಹಾಳೆಗಳನ್ನು ಅಂಚೆಯ ಮೂಲಕ ಕಳಿಸಿ, ಬಂದ ಉತ್ತರಗಳನ್ನು ತಾವೇ ತಿದ್ದಿ ಹಿಂದಿರುಗಿಸುತ್ತಿದ್ದರು. ಬೇರೆ ಬೇರೆ ಊರುಗಳ, ಬೇರೆ ಬೇರೆ ವೃತ್ತಿಗಳ ಜನ ಒಂದೇ ವಾರ ಒಂದೇ ಪುಟವನ್ನು ತೆರೆದಿರುತ್ತಾರೆ ಎಂಬ ಭರವಸೆಯ ಮೇಲೆ ಆ ಪಾಠಕ್ರಮ ನಿಂತಿತ್ತು.

5. ಕಾಲವನ್ನು ನಿರ್ಣಯಿಸುವವರು ಯಾರು?

ಈ ಭರವಸೆ ಸುಲಭವಾಗಿ ದೊರೆತುದಲ್ಲ. ಆರಂಭದಲ್ಲಿ ಮಾಸವು ಗಣಿತದಿಂದಲ್ಲ, ಕಣ್ಣಿನಿಂದ ನಿರ್ಧಾರವಾಗುತ್ತಿತ್ತು. ಅಮಾವಾಸ್ಯೆಯ ಬಳಿಕ ಮೊದಲು ಕಾಣಿಸುವ ಎಳೆಯ ಚಂದ್ರನನ್ನು ಕಂಡವರು ನ್ಯಾಯಸಭೆಯ ಮುಂದೆ ಬಂದು ಸಾಕ್ಷಿ ಹೇಳುತ್ತಿದ್ದರು. ಸಭೆ ಸಾಕ್ಷಿಗಳನ್ನು ಪರೀಕ್ಷಿಸಿ ಹೊಸ ತಿಂಗಳನ್ನು ಘೋಷಿಸುತ್ತಿತ್ತು. ರಬ್ಬಾನ್ ಗಮ್ಲಿಯೇಲನ ಮನೆಯ ಗೋಡೆಯ ಮೇಲೆ ಚಂದ್ರನ ಆಕಾರಗಳ ಚಿತ್ರಗಳಿದ್ದುವೆಂದೂ, ಅವನ್ನು ತೋರಿಸಿ ಅವನು ಸಾಕ್ಷಿಗಳನ್ನು ಪ್ರಶ್ನಿಸುತ್ತಿದ್ದನೆಂದೂ ಮಿಷ್ನಾ ತಿಳಿಸುತ್ತದೆ. ಘೋಷಣೆಯ ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿಯ ಸಂಕೇತದ ಮೂಲಕ, ಅನಂತರ ದೂತರ ಮೂಲಕ ಹಬ್ಬುತ್ತಿತ್ತು. ದೂತರು ತಲುಪಲಾರದ ದೂರದ ಊರುಗಳವರು ಸಂಶಯಕ್ಕೆಡೆಯಿಲ್ಲದಂತೆ ಹಬ್ಬವನ್ನು ಎರಡು ದಿನ ಆಚರಿಸತೊಡಗಿದರು.

ಈ ವ್ಯವಸ್ಥೆಯೊಳಗಿನ ಸಂಘರ್ಷವನ್ನು ಮಿಷ್ನಾ ಒಂದು ಪ್ರಸಂಗದ ಮೂಲಕ ದಾಖಲಿಸಿದೆ. ಎಳೆಯ ಚಂದ್ರನನ್ನು ಕಂಡೆವೆಂದು ಇಬ್ಬರು ಸಾಕ್ಷಿ ನುಡಿದರು. ಮರುರಾತ್ರಿ ಚಂದ್ರ ಕಾಣಲಿಲ್ಲ. ಆದರೂ ಗಮ್ಲಿಯೇಲ್ ಅವರ ಮಾತನ್ನು ಸ್ವೀಕರಿಸಿದ. ಇದು ಸುಳ್ಳು ಸಾಕ್ಷಿಯೆಂದು ರಬ್ಬಿ ದೋಸಾ ಆಕ್ಷೇಪಿಸಿದ, ರಬ್ಬಿ ಯೆಹೋಶುವ ಅದನ್ನು ಅನುಮೋದಿಸಿದ. ಆಗ ಗಮ್ಲಿಯೇಲ್ ಯೆಹೋಶುವನಿಗೆ ಒಂದು ಆಜ್ಞೆ ಕಳಿಸಿದ: ಯೆಹೋಶುವನ ಎಣಿಕೆಯಂತೆ ದೋಷಪರಿಹಾರಕ ದಿನ ಬರುವಂದು ಅವನು ಕೋಲು ಹಿಡಿದು, ಹಣ ಕಟ್ಟಿಕೊಂಡು ತನ್ನ ಬಳಿಗೆ ಬರಬೇಕು. ವರ್ಷದ ಪರಮ ಪವಿತ್ರ ದಿನವೆಂದು ತಾನು ನಂಬಿದ ದಿನವನ್ನು ಬಹಿರಂಗವಾಗಿ ಸಾಮಾನ್ಯ ದಿನವನ್ನಾಗಿ ನಡೆಸಿಕೊಳ್ಳಬೇಕೆಂಬುದು ಇದರ ಅರ್ಥ. ಯೆಹೋಶುವ ಸಂಕಟಕ್ಕೆ ಸಿಲುಕಿದ. ಹಬ್ಬಗಳನ್ನು ನೀವು ಘೋಷಿಸಬೇಕೆಂದು ಗ್ರಂಥ ಹೇಳಿರುವುದರಿಂದ, ಸಕಾಲದಲ್ಲಾಗಲಿ ಅಲ್ಲದಿರಲಿ, ಘೋಷಣೆಯೇ ಹಬ್ಬವನ್ನು ಮಾಡುತ್ತದೆಯೆಂದು ರಬ್ಬಿ ಅಕಿವ ಅವನಿಗೆ ವಿವರಿಸಿದ. ಮೊದಲು ಆಕ್ಷೇಪಿಸಿದ್ದ ದೋಸಾ ಕೂಡ, ಈ ಸಭೆಯ ತೀರ್ಪನ್ನು ಪ್ರಶ್ನಿಸಿದರೆ ಮೋಶೆಯ ಕಾಲದಿಂದ ಬಂದ ಎಲ್ಲ ಸಭೆಗಳನ್ನೂ ಪ್ರಶ್ನಿಸಬೇಕಾದೀತೆಂದ. ಯೆಹೋಶುವ ಕೋಲು ಹಿಡಿದು ಯಾವ್ನೆಗೆ ಹೋದ. ಗಮ್ಲಿಯೇಲ್ ಎದ್ದು ನಿಂತು ಅವನ ತಲೆಗೆ ಮುತ್ತಿಟ್ಟು, ಜ್ಞಾನದಲ್ಲಿ ಗುರು, ಆಜ್ಞಾಪಾಲನೆಯಲ್ಲಿ ಶಿಷ್ಯ ಎಂದು ಅವನನ್ನು ಬರಮಾಡಿಕೊಂಡ.

ಯೆಹೋಶುವನ ಲೆಕ್ಕ ತಪ್ಪೆಂದು ಈ ಪ್ರಸಂಗ ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಅಧಿಕಾರದ ಪಕ್ಷಕ್ಕೆ ಜಯ ದೊರೆತರೂ, ಜ್ಞಾನ ಸೋತ ಪಕ್ಷದ್ದೆಂಬುದನ್ನು ಗೆದ್ದವನ ಬಾಯಿಯಿಂದಲೇ ಪಠ್ಯ ಹೇಳಿಸಿದೆ. ಒಂದೇ ದಿನ ಎಲ್ಲರೂ ಉಪವಾಸವಿರಬೇಕಾದರೆ ಯಾರೋ ಒಬ್ಬರು ತಾವು ಸರಿಯೆಂದು ತಿಳಿದುದನ್ನು ಬಿಟ್ಟುಕೊಡಬೇಕಾಗುತ್ತದೆ. ಆ ನೋವನ್ನು ಮರೆಮಾಚದೆ ದಾಖಲಿಸಿರುವುದೇ ಈ ಪ್ರಸಂಗದ ಮಹತ್ತ್ವ.

ಮುಂದೆ ವೀಕ್ಷಣೆಯ ಸ್ಥಾನಕ್ಕೆ ಗಣನೆ ಬಂದಿತು. ಎರಡನೆಯ ಹಿಲ್ಲೇಲ್ ಎಂಬ ನಾಯಕ ಕ್ರಿ.ಶ. 358–359ರಲ್ಲಿ ಸ್ಥಿರ ಪಂಚಾಂಗವನ್ನು ಪ್ರಕಟಿಸಿದನೆಂಬುದು ಸಾಂಪ್ರದಾಯಿಕ ಹೇಳಿಕೆ. ಆದರೆ ಈ ಹೇಳಿಕೆ ಬಹಳ ಈಚಿನ ಆಕರಗಳಲ್ಲಿ ಮಾತ್ರ ದೊರೆಯುತ್ತದೆ. ಪಂಚಾಂಗ ಒಮ್ಮೆಲೇ ಸಿದ್ಧವಾಗದೆ ಶತಮಾನಗಳ ಅವಧಿಯಲ್ಲಿ ಹಂತಹಂತವಾಗಿ ರೂಪುಗೊಂಡಿತೆಂದು ಸಾಚಾ ಸ್ಟರ್ನ್ 2001ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ವಾದಿಸಿದ್ದಾರೆ. 921–922ರ ವಿವಾದ ಈ ವಾದಕ್ಕೆ ಪುಷ್ಟಿ ನೀಡುತ್ತದೆ. ಪ್ಯಾಲೆಸ್ಟೈನಿನ ವಿದ್ಯಾಪೀಠದ ಬೆನ್ ಮೇಯಿರನು ಅಮಾವಾಸ್ಯೆಯ ಗಣನೆಯಲ್ಲಿ 642 ಭಾಗಗಳ, ಎಂದರೆ 35 ನಿಮಿಷ 40 ಸೆಕೆಂಡುಗಳ ವ್ಯತ್ಯಾಸವನ್ನು ಮುಂದಿಟ್ಟ. ಬಾಬಿಲೋನಿನ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಅವರ ಪರವಾಗಿ ಸಾದಿಯಾ ಪತ್ರಗಳನ್ನು ಬರೆದ. ಪರಿಣಾಮವಾಗಿ 922ರ ಪಸ್ಕ ಒಂದು ಪಕ್ಷಕ್ಕೆ ಭಾನುವಾರವೂ, ಇನ್ನೊಂದು ಪಕ್ಷಕ್ಕೆ ಮಂಗಳವಾರವೂ ಬಂದಿತು. ಒಬ್ಬರು ಹುಳಿಹಿಟ್ಟಿನ ರೊಟ್ಟಿಯನ್ನು ಮನೆಯಿಂದ ಹೊರಹಾಕಿದ ದಿನ ಇನ್ನೊಬ್ಬರು ಅದನ್ನು ಉಣ್ಣುತ್ತಿದ್ದರು. ಕೊನೆಗೆ ಬಾಬಿಲೋನಿನ ಗಣನೆಯೇ ನೆಲೆನಿಂತಿತು.

6. ಫುಸ್ಟಾಟ್ ನಗರದ ಎರಡು ಮಂದಿರಗಳು

ಗಣನೆಯಂತೆ ಓದಿನ ಕ್ರಮದಲ್ಲಿಯೂ ಎರಡು ಪರಂಪರೆಗಳಿದ್ದವು. ತೋರಾವನ್ನು ಒಂದೇ ವರ್ಷದಲ್ಲಿ ಮುಗಿಸುವುದು ಬಾಬಿಲೋನಿನ ಪದ್ಧತಿ. ಪ್ಯಾಲೆಸ್ಟೈನಿನವರು ಅದನ್ನು ಮೂರು ವರ್ಷಗಳಲ್ಲಿ ಮುಗಿಸುತ್ತಾರೆಂದು ತಾಲ್ಮುದ್ ಹೇಳುತ್ತದೆ. ಅಲ್ಲಿನ ಭಾಗಗಳು ಚಿಕ್ಕವು. ಅವುಗಳ ಸಂಖ್ಯೆಯೂ ಎಲ್ಲೆಡೆ ಒಂದೇ ಆಗಿರಲಿಲ್ಲ. ಆದ್ದರಿಂದ ಯಾವ ಭಾಗ ಯಾವ ಋತುವಿನಲ್ಲಿ ಬರುತ್ತದೆ ಎಂಬುದು ಖಚಿತವಾಗಿರಲಿಲ್ಲ. ವರ್ಷದ ಚಕ್ರ ಮಾತ್ರವೇ ಪಠ್ಯವನ್ನು ಪಂಚಾಂಗಕ್ಕೆ ಬಿಗಿಯಾಗಿ ಬಂಧಿಸಿತು. ಅದು ವ್ಯಾಪಕವಾಗಲು ಬಾಬಿಲೋನಿನ ವಿದ್ಯಾಪೀಠಗಳ ಪ್ರಭಾವ ಒಂದು ಕಾರಣವಾದರೆ, ಈ ಬಂಧವೂ ಇನ್ನೊಂದು ಕಾರಣವಾಗಿರಬೇಕು.

ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಈಜಿಪ್ಟಿಗೆ ಬಂದ ಪ್ರವಾಸಿ ತುದೇಲಾದ ಬೆಂಜಮಿನ್, ಹಳೆಯ ಕೈರೋ ಆದ ಫುಸ್ಟಾಟ್‌ನಲ್ಲಿ ಈ ಎರಡೂ ಪಂಥಗಳ ಮಂದಿರಗಳನ್ನು ಕಂಡು ಬರೆದಿದ್ದಾನೆ. ಅಲ್ಲಿನ ಪ್ಯಾಲೆಸ್ಟೈನ್ ಪಂಥದ ಮಂದಿರದಲ್ಲಿ ಹಳೆಯ ಬರಹಗಳನ್ನು ನಾಶಮಾಡದೆ ತುಂಬಿಡುತ್ತಿದ್ದ 'ಗೆನಿಜಾ' ಎಂಬ ಕೋಣೆಯಿತ್ತು. ಅದರೊಳಗಿನ ಬರಹಗಳ ಬಹುಭಾಗವನ್ನು ಸಾಲೊಮನ್ ಶೆಕ್ಟರ್ 1896–97ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಬೆನ್ ಮೇಯಿರ್ ವಿವಾದದ ಪತ್ರಗಳೂ, ಮೂರು ವರ್ಷದ ಓದಿಗೆ ಸಂಬಂಧಿಸಿದ ಸಾಮಗ್ರಿಯೂ ಬೆಳಕಿಗೆ ಬಂದುದು ಈ ಸಂಗ್ರಹದ ಮೂಲಕ. ಕರ್ನಾಟಕದ ಚರಿತ್ರೆಗೂ ಇದೇ ಸಂಗ್ರಹ ಒಂದು ಮುಖ್ಯ ಆಕರ. 1130ರ ದಶಕದಿಂದ ಸುಮಾರು 1149ರವರೆಗೆ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ನಡೆಸಿದ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಕಾಗದಪತ್ರಗಳು ದೊರೆತುದು ಅಲ್ಲಿಯೇ. ಎಸ್.ಡಿ. ಗೊಯ್ಟೈನ್ ಅವರ ಸಂಶೋಧನೆ ಹಾಗೂ ಅಮಿತಾವ್ ಘೋಷ್ ಅವರ 1992ರ ಕೃತಿ ಇವನನ್ನು ವಿದ್ವತ್ ಲೋಕಕ್ಕೂ ಸಾಮಾನ್ಯ ಓದುಗರಿಗೂ ಪರಿಚಯಿಸಿವೆ. ಅವನು ವರ್ತಕ ಮಾತ್ರನಲ್ಲ, ಧಾರ್ಮಿಕ ವಿಧಿಗಳ ಪರಿಜ್ಞಾನವುಳ್ಳವನೂ ಕವಿತೆ ಬರೆಯಬಲ್ಲವನೂ ಆಗಿದ್ದ. ಅರಬ್ಬೀ ಸಮುದ್ರದ ಎರಡೂ ದಡಗಳಲ್ಲಿ ಹರಡಿದ್ದ ಇಂತಹ ಸಮುದಾಯಕ್ಕೆ ದೂತರಿಲ್ಲದೆಯೂ ಹಬ್ಬದ ದಿನವನ್ನು ತಿಳಿಯಬಲ್ಲ ಗಣಿತದ ಪಂಚಾಂಗ ಎಷ್ಟು ಅಗತ್ಯವಾಗಿತ್ತೆಂಬುದನ್ನು ಊಹಿಸಬಹುದು.

ಗಣನೆ ಒಂದೇ ಆದ ಮೇಲೂ ಭಿನ್ನತೆ ಪೂರ್ತಿಯಾಗಿ ಅಳಿಯಲಿಲ್ಲ. ದೂತರ ಕಾಲದ 'ಎರಡನೆಯ ದಿನ'ವನ್ನು ಇಸ್ರೇಲಿನ ಹೊರಗೆ ಸಂಪ್ರದಾಯನಿಷ್ಠರು ಇಂದಿಗೂ ಪಾಲಿಸುತ್ತಾರೆ. ಅವರ ಪಸ್ಕದ ಎಂಟನೆಯ ದಿನ ಸಬ್ಬತ್ ಆದರೆ ಅಂದು ಇಸ್ರೇಲಿನಲ್ಲಿ ಕ್ರಮದ ಭಾಗವನ್ನು, ಹೊರಗೆ ಹಬ್ಬದ ಭಾಗವನ್ನು ಓದುತ್ತಾರೆ. 2022ರ ಏಪ್ರಿಲ್ 23ರಂದು ಹೀಗಾಗಿ, ಜುಲೈ ಕೊನೆಯವರೆಗೆ ಎರಡು ಕಡೆಯ ಓದುಗಳ ನಡುವೆ ಒಂದು ವಾರದ ಅಂತರವಿತ್ತು. ಹೊರಗಿನವರು ಜೋಡಿ ಭಾಗವನ್ನು ಒಂದೇ ದಿನ ಓದಿ ಆ ಅಂತರವನ್ನು ತುಂಬಿಕೊಂಡರು.

7. ಸಮಾರೋಪ

ತೋರಾದ ಕೊನೆಯ ಭಾಗ ಮೋಶೆಯ ಮರಣವನ್ನು ನಿರೂಪಿಸುತ್ತದೆ. ನಲವತ್ತು ವರ್ಷ ಜನರನ್ನು ನಡೆಸಿದ ನಾಯಕ ವಾಗ್ದತ್ತ ನಾಡನ್ನು ದೂರದಿಂದ ಕಂಡು, ಅದನ್ನು ಪ್ರವೇಶಿಸದೆ ಸಾಯುತ್ತಾನೆ. ಶರತ್ಕಾಲದ ಹಬ್ಬಗಳ ಕೊನೆಗೆ ಬರುವ 'ಸಿಮ್ಹತ್ ತೋರಾ' ಎಂಬ ಸಂಭ್ರಮದ ದಿನ ಈ ಭಾಗವನ್ನು ಓದಿ, ಅದೇ ಸಭೆಯಲ್ಲಿ ಆದಿಕಾಂಡದ ಸೃಷ್ಟಿಯ ಕಥನವನ್ನು ಆರಂಭಿಸುತ್ತಾರೆ. ನಾಡನ್ನು ಪ್ರವೇಶಿಸುವ ಕಥೆಯುಳ್ಳ ಯೆಹೋಶುವನ ಗ್ರಂಥದ ಆರಂಭ ಅಂದು ಹಫ್ತಾರಾ ಆಗಿ ಮಾತ್ರ ಕೇಳಿಬರುತ್ತದೆ. ನಾಡನ್ನು ಸೇರುವುದರಲ್ಲಿ ಪಠ್ಯ ಮುಗಿಯುವುದಿಲ್ಲ, ಮತ್ತೆ ಓದತೊಡಗುವುದರಲ್ಲಿ ಮುಂದುವರಿಯುತ್ತದೆ. ನೆಲೆ ತಪ್ಪಿದ ಜನರಿಗೆ ಈ ವಿನ್ಯಾಸ ಎಷ್ಟು ಸಲ್ಲುವಂತಹುದೆಂದು ಬೇರೆ ಹೇಳಬೇಕಾಗಿಲ್ಲ.

ಬೆಂಜಮಿನ್ ಕೊಡುವ ಇನ್ನೊಂದು ವಿವರ ಇಲ್ಲಿ ಪ್ರಸ್ತುತವಾಗುತ್ತದೆ. ಓದಿನ ಕ್ರಮದಲ್ಲಿ ಭಿನ್ನರಾದ ಫುಸ್ಟಾಟ್‌ನ ಎರಡೂ ಪಂಥದವರು ಸಿಮ್ಹತ್ ತೋರಾದಂದು ಹಾಗೂ ತೋರಾ ದತ್ತವಾದ ದಿನವಾದ ವಾರಗಳ ಹಬ್ಬದಂದು ಕಡ್ಡಾಯವಾಗಿ ಒಂದೆಡೆ ಸೇರಿ ಪ್ರಾರ್ಥಿಸುತ್ತಿದ್ದರು. ಮೂರು ವರ್ಷದ ಓದುಗರಿಗೆ ಆ ದಿನ ಗ್ರಂಥ ಮುಗಿಯುತ್ತಿರಲಿಲ್ಲ. ಆದರೂ ಮುಗಿಸಿದವರ ಸಂಭ್ರಮದಲ್ಲಿ ಅವರು ಪಾಲುಗೊಳ್ಳುತ್ತಿದ್ದರು. ಗಮ್ಲಿಯೇಲ್ ಆಜ್ಞೆಯಿಂದ ಸಾಧಿಸಿದ ಐಕ್ಯಕ್ಕಿಂತ ಇದು ಭಿನ್ನವಾದುದು. ಒಂದೇ ಕಾಲವನ್ನು ಒಪ್ಪಿಕೊಳ್ಳುವುದಕ್ಕೆ ಅಧೀನತೆ ಒಂದು ದಾರಿಯಾದರೆ, ಭಿನ್ನತೆಯನ್ನು ಉಳಿಸಿಕೊಂಡೇ ಕೆಲವು ದಿನಗಳನ್ನು ಹಂಚಿಕೊಳ್ಳುವುದು ಇನ್ನೊಂದು ದಾರಿ. ಯಹೂದಿ ಪರಂಪರೆ ಎರಡನ್ನೂ ತನ್ನ ನೆನಪಿನಲ್ಲಿ ಉಳಿಸಿಕೊಂಡಿದೆ.

ಕನ್ನಡದ ಪಠ್ಯಾಧ್ಯಯನಕ್ಕೂ ಈ ವಿಷಯ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಮಳೆ ಬಾರದಿದ್ದಾಗ ವಿರಾಟಪರ್ವವನ್ನು ಓದಿಸುವ, ಶ್ರಾವಣದಲ್ಲಿ ಪುರಾಣ ಹೇಳಿಸುವ ಪದ್ಧತಿಗಳು ನಮ್ಮಲ್ಲಿಯೂ ಇವೆ. ಅವು ತೋರಾದ ಓದಿನಂತೆ ನಿಯತವಲ್ಲದಿರಬಹುದು. ಆದರೂ ನಿರ್ದಿಷ್ಟ ಕಾಲದಲ್ಲಿ ಕೇಳಿದ ಕಾವ್ಯಭಾಗಕ್ಕೆ ಆ ಕಾಲದಿಂದ ಒದಗಿದ ಅರ್ಥವೇನು ಎಂಬುದು ಮುದ್ರಿತ ಪ್ರತಿಯಿಂದ ಮಾತ್ರ ತಿಳಿಯುವಂತಹುದಲ್ಲ. ಹಸ್ತಪ್ರತಿಗಳ ಪಾಠವನ್ನು ನಿರ್ಣಯಿಸುವಷ್ಟೇ ಶ್ರದ್ಧೆಯಿಂದ, ಕಾವ್ಯಗಳನ್ನು ಓದಿದ ತಿಥಿ, ಸಂದರ್ಭ ಮತ್ತು ಕ್ರಮಗಳನ್ನೂ ಸಂಗ್ರಹಿಸಿ ಪರಿಶೀಲಿಸುವ ಅಗತ್ಯವಿದೆ.